ಗರ್ಭಕೋಶ ತೆಗೆಯೋಕೆ ಎಲ್ಲರೂ ಇದ್ದಾರೆ, ಪರೀಕ್ಷೆ ಮಾಡೋಕೆ ಯಾರಿದ್ದಾರೆ?

ಇದು ಉದ್ದ ಪೋಸ್ಟ್. ಬಿಡುವು ಮಾಡ್ಕೊಂಡು ಓದಿ. ಗಂಡಸರು "ಇದು ಹೆಂಗಸರ ವಿಷಯ" ಅಂತ ಮುಂದೆ ಹೋಗಬೇಡಿ, ನಿಮಗೂ ಸೇರಿಸಿಯೇ ಬರೀತಿದ್ದೀನಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಹೆಂಗಸರಿಗೆ ಒಂದು ಪ್ರಶ್ನೆ ಇತ್ತು. ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆಯನ್ನ ಜೀವಮಾನದಲ್ಲಿ ಒಂದು ಸಲವಾದ್ರೂ ಮಾಡಿಸಿದ್ದೀರಾ? ಇಡೀ ದೇಶದಲ್ಲಿ ಹೌದು ಅಂದವರು ಶೇ 1.9. ಪಕ್ಕದ ತಮಿಳುನಾಡಿನಲ್ಲಿ ಶೇ 10ರ ಹತ್ತಿರ. ನಮ್ಮ ಕರ್ನಾಟಕದಲ್ಲಿ ಶೇ 1 ಕೂಡ ಮುಟ್ಟಿಲ್ಲ. ಅಂದರೆ ನೂರು ಹೆಂಗಸರನ್ನ ಸಾಲಾಗಿ ನಿಲ್ಲಿಸಿದ್ರೆ ಪರೀಕ್ಷೆ ಆದವಳು ಒಬ್ಬಳೂ ಸಿಗದೇ ಇರಬಹುದು. ಇದು ಬೆಂಗಳೂರು, ಮೈಸೂರು, ಮಂಗಳೂರು ಎಲ್ಲಾ ಸೇರಿದ ಲೆಕ್ಕ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಎ.ಕೆ. ಕಾಲೋನಿಗಳಲ್ಲಿ, ಹಟ್ಟಿಗಳಲ್ಲಿ ಎಷ್ಟು ಅಂತ ಯಾರೂ ಬೇರೆಯಾಗಿ ಎಣಿಸೋದಿಲ್ಲ.

ಇನ್ನೊಂದು ಲೆಕ್ಕ. 2022ರಲ್ಲಿ ಭಾರತದಲ್ಲಿ ಈ ಕ್ಯಾನ್ಸರ್ ಹೊಸದಾಗಿ ಬಂದವರು ಸುಮಾರು 1,27,000 ಹೆಂಗಸರು. ಸತ್ತವರು ಸುಮಾರು 80,000. ಗಂಟೆಗೆ ಒಂಬತ್ತು ಹೆಂಗಸರು. ಇಡೀ ಲೋಕದಲ್ಲಿ ಅದೇ ವರ್ಷ ಸತ್ತ ಮೂರೂವರೆ ಲಕ್ಷ ಹೆಂಗಸರಲ್ಲಿ ಶೇ 94ರಷ್ಟು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಅದೇನು ಶ್ರೀಮಂತ ದೇಶದ ಹೆಂಗಸರಿಗೆ ಗರ್ಭಕೋಶ ಇಲ್ವಾ? ಇದೆ. ಅವರಿಗೆ ಪರೀಕ್ಷೆಯೂ ಇದೆ.

ನಾನು ಗೌರಸಮುದ್ರದವಳು. ಹೆಚ್ಚಿನವರಿಗೆ ನಮ್ಮೂರು ಗೊತ್ತಿರೋದು ಮಾರಮ್ಮನ ಜಾತ್ರೆಯಿಂದ. ಭಾದ್ರಪದದಲ್ಲಿ ತುಮಲಿನ ಬಯಲಲ್ಲಿ ಕಾಲಿಡೋಕೆ ಜಾಗ ಇರಲ್ಲ, ಆಂಧ್ರದಿಂದಲೂ ಜನ ಬರ್ತಾರೆ. ಜಾತ್ರೆ ಮುಗಿದ ಮೇಲೆ ಉಳಿಯೋದು ನಾವು, ಶೇಂಗಾ ಹೊಲ, ಈರುಳ್ಳಿ ಹೊಲ, ಬರ. ಈಗ ನಾನು ಆಫೀಸಲ್ಲಿ ಫೈಲು ಬರೆಯೋ ಗುಮಾಸ್ತೆ. ಆದರೆ ನಮ್ಮ ಕಾಲೋನಿಯ ಹೆಂಗಸರ ಮೈಯ ಕಥೆ ಯಾವ ಫೈಲಿಗೂ ಬರಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಮ್ಮ ದೊಡ್ಡವ್ವನ ವಿಷಯ ಹೇಳ್ತೀನಿ. ಹದಿನಾಲ್ಕಕ್ಕೆ ಮದುವೆ, ಐದು ಹೆರಿಗೆ, ಜೀವಮಾನ ಪೂರ್ತಿ ಕೂಲಿ. ಮುಟ್ಟು ನಿಂತು ನಾಲ್ಕು ವರ್ಷ ಆದ ಮೇಲೆ ಒಂದು ದಿನ ಮತ್ತೆ ರಕ್ತ ಕಾಣಿಸಿತು. "ನೋಡೇ, ನಂಗೆ ಮತ್ತೆ ಹರೇ ಬಂದೈತೆ" ಅಂತ ನಮ್ಮ ಚಿಕ್ಕವ್ವನ ಹತ್ರ ನಕ್ಕಳಂತೆ. ಆಮೇಲೆ ಸೊಂಟ ನೋವು, ವಾಸನೆ ಬರೋ ಬಿಳಿಮುಟ್ಟು. ಊರಿನ ಇಂಜೆಕ್ಷನ್ ಡಾಕ್ಟರು ಸೂಜಿ ಚುಚ್ಚಿದ. ಒಂದು ಪ್ರೈವೇಟ್ ನರ್ಸಿಂಗ್ ಹೋಮಿನಲ್ಲಿ ಮೂರು ಸಲ ತೋರಿಸಿದಳು. ಮೂರು ಸಲವೂ ಮೇಜಿನ ಆ ಕಡೆಯಿಂದಲೇ ಗುಳಿಗೆ ಬರೆದುಕೊಟ್ಟರು. ಒಳಗೆ ಏನಾಗಿದೆ ಅಂತ ಯಾರೂ ನೋಡಲಿಲ್ಲ. ನಾಲ್ಕನೇ ಕಡೆ ಒಬ್ಬ ಲೇಡಿ ಡಾಕ್ಟರು ಮಲಗಿಸಿ ನೋಡಿದರು, ನೋಡಿದ ತಕ್ಷಣ ಮುಖ ಸಣ್ಣಗೆ ಮಾಡ್ಕೊಂಡರು. ಮೂರನೇ ಹಂತ.

ಬೆಂಗಳೂರಿನ ದೊಡ್ಡಾಸ್ಪತ್ರೆ. ಇಪ್ಪತ್ತೈದು ದಿನ ಕರೆಂಟು ಕೊಟ್ಟರು. ಅಂದರೆ ರೇಡಿಯೇಷನ್, ನಮ್ಮ ಕಡೆ ಕರೆಂಟು ಅಂತಲೇ ಹೇಳೋದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಅದು ದೊಡ್ಡ ಉಪಕಾರವೇ, ಇಲ್ಲ ಅನ್ನಲ್ಲ. ಆದರೆ ಮಗ ಎರಡು ತಿಂಗಳು ಕೂಲಿ ಬಿಟ್ಟು ಅವಳ ಜೊತೆ ಕೂತಿದ್ದಕ್ಕೆ ಕಾರ್ಡು ದುಡ್ಡು ಕೊಡಲ್ಲ. ಇಡ್ಲಿಗೆ, ಟೀಗೆ, ಆಟೋಗೆ, ಮಲಗೋ ಜಾಗಕ್ಕೆ ಕೊಡಲ್ಲ. ಮನೆಯ ಮೇಕೆಗಳು ಹೋದವು, ಕಿವಿಯ ಓಲೆ ಹೋಯಿತು. ಹದಿನಾಲ್ಕು ತಿಂಗಳಿಗೆ ದೊಡ್ಡವ್ವನೂ ಹೋದಳು.

ಈ ಕಾಯಿಲೆ ಹೇಗೆ ಬರುತ್ತೆ ಅಂತ ಮೊದಲು ಬಿಡಿಸಿ ಹೇಳಬೇಕು. ಗೊತ್ತಿಲ್ಲದೇ ಇರೋದ್ರಿಂದಲೇ ನಮ್ಮ ಹೆಂಗಸರು ಬಾಯಿ ಮುಚ್ಕೊಂಡು ಸಾಯ್ತಿದ್ದಾರೆ.

ಗರ್ಭಕೋಶದ ಬಾಯಿಗೆ ಗರ್ಭಕಂಠ ಅಂತಾರೆ. ಅಲ್ಲಿ ಬರೋ ಈ ಕ್ಯಾನ್ಸರಿಗೆ ಹೆಚ್ಚು ಕಡಿಮೆ ಎಲ್ಲಾ ಸಲವೂ ಕಾರಣ ಎಚ್‌ಪಿವಿ ಅನ್ನೋ ವೈರಸ್. ಅದರಲ್ಲಿ ಬೇಕಾದಷ್ಟು ಜಾತಿ ಇವೆ, 16 ಮತ್ತು 18 ನಂಬರಿನ ಎರಡೇ ಸೇರಿ ನೂರಕ್ಕೆ ಎಪ್ಪತ್ತು ಕೇಸು ಮಾಡ್ತವೆ. ದೇಹ ಸಂಬಂಧದಿಂದ ಹರಡುತ್ತೆ. ಇಲ್ಲೇ ಎಲ್ಲರೂ ತಪ್ಪು ಅರ್ಥ ಮಾಡ್ಕೊಳ್ಳೋದು. "ಹರಡುತ್ತೆ" ಅಂದ ಕೂಡಲೇ ಹೆಂಗಸಿನ ನಡತೆಯ ಮೇಲೆ ಬೆರಳು ಹೋಗುತ್ತೆ. ಕೇಳಿಸ್ಕೊಳ್ಳಿ: ದೇಹ ಸಂಬಂಧ ಇರೋ ಹೆಚ್ಚಿನ ಎಲ್ಲರಿಗೂ, ಗಂಡಿಗೂ ಹೆಣ್ಣಿಗೂ, ಜೀವನದಲ್ಲಿ ಯಾವಾಗಲಾದರೂ ಈ ವೈರಸ್ ಅಂಟಿರುತ್ತೆ. ಗಂಡ ಒಬ್ಬನನ್ನ ಬಿಟ್ಟು ಯಾರನ್ನೂ ನೋಡದ ಹೆಂಗಸಿಗೂ ಬರುತ್ತೆ. ಬಹುಪಾಲು ಜನರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನ ತೊಡೆದು ಹಾಕುತ್ತೆ. ಕೆಲವರಲ್ಲಿ ಮಾತ್ರ ಉಳ್ಕೊಳ್ಳುತ್ತೆ. ಉಳಿದದ್ದು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಬೇಕು.

ಹದಿನೈದು ಇಪ್ಪತ್ತು ವರ್ಷ! ಒಂದು ಮಗು ಹುಟ್ಟಿ, ಶಾಲೆಗೆ ಹೋಗಿ, ಎಸ್ಸೆಸ್ಸೆಲ್ಸಿ ಪಾಸಾಗಿ, ಕೆಲಸ ಹುಡುಕೋವಷ್ಟು ಕಾಲ. ಅಷ್ಟು ವರ್ಷದಲ್ಲಿ ಒಂದು ಸಲ ಯಾರಾದರೂ ನೋಡಿದ್ದಿದ್ರೆ ಆ ಹೆಂಗಸು ಉಳೀತಿದ್ದಳು. ಅದಕ್ಕೇ ನಾನು ಇದನ್ನ ಹಣೆಬರಹ ಅಂತ ಒಪ್ಪಲ್ಲ, ಮಾರಮ್ಮನ ಮುನಿಸು ಅಂತಲೂ ಒಪ್ಪಲ್ಲ. ಸರ್ಕಾರ ಬಂದು ನೋಡಲಿಲ್ಲ, ಅದೇ ಕಾರಣ.

ಯಾರಿಗೆ ಅಪಾಯ ಹೆಚ್ಚು ಅಂತ ವೈದ್ಯರು ಕೊಡೋ ಪಟ್ಟಿ ನೋಡಿ. ಸಣ್ಣ ವಯಸ್ಸಿಗೆ ಸಂಬಂಧ ಶುರುವಾದವರು, ತುಂಬಾ ಹೆರಿಗೆ ಆದವರು, ತಂಬಾಕಿನ ಹೊಗೆ ಸೇದುವವರು, ಎಚ್‌ಐವಿ ಇರುವವರು. ಎಚ್‌ಐವಿ ಇದ್ದರೆ ಅಪಾಯ ಆರು ಪಟ್ಟು, ಅಂಥವರಿಗೆ 25ರಿಂದಲೇ ಪರೀಕ್ಷೆ ಶುರು ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಈ ಪಟ್ಟಿ ಓದಿದಾಗ ನಂಗೆ ನಮ್ಮ ಕಾಲೋನಿಯ ಹಾಜರಿ ಪುಸ್ತಕ ಓದಿದ ಹಾಗಾಯ್ತು. ಬಾಲ್ಯವಿವಾಹ ಎಲ್ಲಿ ಹೆಚ್ಚು? ಬಸವಿ ಬಿಡೋ ಪದ್ಧತಿ ಯಾರ ಮನೆ ಹೆಣ್ಣುಮಕ್ಕಳನ್ನ ತಿಂದಿತು? ದೇವದಾಸಿ ನಿಷೇಧ ಕಾನೂನು 1982ರಲ್ಲೇ ಬಂತು. ಮುತ್ತು ಕಟ್ಟಿಸಿಕೊಂಡ ಆ ತಾಯಂದಿರಿಗೆ ಈಗ ಐವತ್ತು ಅರವತ್ತು ವಯಸ್ಸು. ಅವರಿಗೆ ಪಿಂಚಣಿ ಕೊಡಿಸೋಕೆ ನಾವು ಹೋರಾಡಿದ್ದೀವಿ, ಸರಿ. ಅವರ ಗರ್ಭಕಂಠ ಪರೀಕ್ಷೆ ಆಗಿದೆಯಾ ಅಂತ ನಮ್ಮ ಯಾವ ಮನವಿ ಪತ್ರದಲ್ಲೂ ನಾನು ಓದಿಲ್ಲ.

ಇನ್ನು ಪರೀಕ್ಷೆ. ಅದೇನು ರಾಕೆಟ್ ವಿಜ್ಞಾನ ಅಲ್ಲ. ಗೋಬಿ ಮಂಚೂರಿ ಗಾಡಿಯಲ್ಲಿ ಬಾಟಲಿಯಲ್ಲಿ ಇಟ್ಟಿರ್ತಾರಲ್ಲ ವಿನೆಗರ್, ಅದರಲ್ಲಿರೋ ಅಸಿಟಿಕ್ ಆಮ್ಲವನ್ನೇ ಆಸ್ಪತ್ರೆಯಲ್ಲಿ ಶೇ 3ರಿಂದ 5ರ ಹದಕ್ಕೆ ಮಾಡಿ ಹತ್ತಿಯಲ್ಲಿ ಅದ್ದಿ ಗರ್ಭಕಂಠಕ್ಕೆ ಹಚ್ಚುತ್ತಾರೆ. ಒಂದು ನಿಮಿಷ ಕಾಯ್ತಾರೆ. ಕೆಟ್ಟಿರೋ ಜಾಗ ಇದ್ದರೆ ಬೆಳ್ಳಗೆ ಕಾಣುತ್ತೆ. ಇದಕ್ಕೆ ವಿಐಎ ಪರೀಕ್ಷೆ ಅಂತಾರೆ. ತರಬೇತಿ ಆದ ನರ್ಸ್ ಮಾಡಬಹುದು. ಬಿಳಿ ಕಂಡರೆ ಕ್ಯಾನ್ಸರ್ ಅಂತ ಅರ್ಥ ಅಲ್ಲ, ಇನ್ನೂ ಚೆನ್ನಾಗಿ ನೋಡಬೇಕು ಅಂತ ಅರ್ಥ. ಕ್ಯಾನ್ಸರಿಗೆ ಮುಂಚಿನ ಹಂತ ಆಗಿದ್ದರೆ ಆ ಜಾಗವನ್ನ ಕಾಯಿಸಿ ಅಥವಾ ಹೆಪ್ಪುಗಟ್ಟಿಸಿ ತೆಗೆಯೋ ಉಪಕರಣ ಇದೆ. ಕೆಲವು ನಿಮಿಷದ ಕೆಲಸ, ಅವತ್ತೇ ಮನೆಗೆ ಬರಬಹುದು. ಗರ್ಭಕೋಶ ತೆಗೆಯೋ ಮಾತೇ ಬೇಡ.

ಮುಂಬೈ ಸ್ಲಮ್ಮುಗಳಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಿಂದ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ಇದನ್ನ ಅಧ್ಯಯನ ಮಾಡಿದರು. ಪರೀಕ್ಷೆ ಮಾಡಿದವರು ಡಾಕ್ಟರುಗಳಲ್ಲ. ಹತ್ತನೇ ಕ್ಲಾಸು ಓದಿ, ನಾಲ್ಕು ವಾರ ತರಬೇತಿ ಪಡೆದ ಹೆಂಗಸರು. ಪರೀಕ್ಷೆ ಆದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ 31 ಕಡಿಮೆ ಆಯ್ತು. ನಮ್ಮ ಕಾಲೋನಿಯಲ್ಲಿ ಹತ್ತನೇ ಕ್ಲಾಸು ಓದಿ ಕೆಲಸ ಇಲ್ಲದೆ ಕೂತಿರೋ ಹೆಣ್ಣುಮಕ್ಕಳು ಎಷ್ಟು ಬೇಕು ನಿಮಗೆ?

ಕಾಗದದ ಮೇಲೆ ಎಲ್ಲಾ ಇದೆ, ಅದನ್ನೂ ಹೇಳಬೇಕು. 2016ರಲ್ಲೇ ಕೇಂದ್ರ ಆರೋಗ್ಯ ಇಲಾಖೆ 30ರಿಂದ 65 ವಯಸ್ಸಿನ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಅಂತ ಮಾರ್ಗಸೂಚಿ ಮಾಡಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ತುಂಬೋ ಫಾರಂ ಇದೆ. 2024ರಲ್ಲಿ ಕೋಲಾರದಿಂದ ಶುರುವಾದ ನಮ್ಮ ರಾಜ್ಯದ 'ಗೃಹ ಆರೋಗ್ಯ' ಯೋಜನೆಯ ಪಟ್ಟಿಯಲ್ಲೂ ಗರ್ಭಕಂಠದ ಕ್ಯಾನ್ಸರ್ ಇದೆ. ಆಮೇಲೂ ಯಾಕೆ ತಲುಪಲ್ಲ?

ಆ ಫಾರಂನಲ್ಲಿ ಏನು ಕೇಳ್ತಾರೆ ಗೊತ್ತಾ? ಮುಟ್ಟಿನ ನಡುವೆ ರಕ್ತ ಹೋಗುತ್ತಾ, ಮುಟ್ಟು ನಿಂತ ಮೇಲೆ ಹೋಗುತ್ತಾ, ಗಂಡನ ಜೊತೆ ಸೇರಿದ ಮೇಲೆ ಹೋಗುತ್ತಾ, ವಾಸನೆ ಬರುತ್ತಾ. ಪ್ರಶ್ನೆಗಳು ಸರಿಯಾಗೇ ಇವೆ. ಆದರೆ ಒಂದೇ ಕೋಣೆಯ ಮನೆ, ಪಡಸಾಲೆಯಲ್ಲಿ ಮಾವ, ಒಲೆ ಮುಂದೆ ಅತ್ತೆ, ಬಾಗಿಲಲ್ಲಿ ಮೈದುನ. ಸೊಸೆ ಏನಂತ ಉತ್ತರ ಕೊಡಬೇಕು? "ಏನಿಲ್ಲ ಅಂತ ಬರ್ಕೊಳ್ಳವ್ವ" ಅಂತಾಳೆ. ಆಶಾ ಹಾಗೇ ಬರ್ಕೊಳ್ತಾಳೆ. ಅವಳ ತಪ್ಪೂ ಅಲ್ಲ, ಅವಳಿಗೆ ಬರೋ ಪುಡಿಗಾಸಿಗೆ ದಿನಕ್ಕೆ ಎಷ್ಟು ಮನೆ ಸುತ್ತಬೇಕು.

ನಮ್ಮ ಸೀಮೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದವಳು ಇವತ್ತಿಗೂ ಊರ ಹೊರಗೆ ಕೂರಬೇಕು. ಅಂಥ ಕಡೆ ತಿಂಗಳಲ್ಲಿ ಎರಡು ಮೂರು ಸಲ ರಕ್ತ ಕಂಡ ಹೆಂಗಸು ಏನು ಮಾಡ್ತಾಳೆ? ಹೇಳಿದರೆ ತಿಂಗಳು ಪೂರ್ತಿ ಹೊರಗೇ. ಬಚ್ಚಿಡ್ತಾಳೆ. ಬಚ್ಚಿಟ್ಟದ್ದೇ ಕಾಯಿಲೆಗೆ ಗೊಬ್ಬರ.

ಇನ್ನು ದುಡ್ಡಿನ ವಿಷಯ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಫ್ರೀ. ಒಳ್ಳೇದೇ ಆಯ್ತು. ಆದರೆ ಬಸ್ಸು ಫ್ರೀ ಆದರೆ ದಿನ ಫ್ರೀ ಆಗಲ್ಲ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಆಸ್ಪತ್ರೆಗೆ ಹೋದರೆ ಅವತ್ತಿನ 370 ಹೋಯ್ತು. "ಇವತ್ತು ಸಿಸ್ಟರ್ ರಜೆ, ಸೋಮವಾರ ಬನ್ನಿ" ಅಂದರೆ ಇನ್ನೊಂದು 370. ನೋವೇ ಇಲ್ಲದ ಮೈಯನ್ನ ಪರೀಕ್ಷೆ ಮಾಡಿಸೋಕೆ ಯಾವ ತಾಯಿ ಎರಡು ದಿನದ ಅಕ್ಕಿ ಬಿಡ್ತಾಳೆ?

ನಮ್ಮ ಕಾಲೋನಿಯಲ್ಲಿ ನಾವು ಮಾಡಿದ್ದನ್ನ ಹೇಳ್ತೀನಿ. ದೊಡ್ಡ ಸಾಧನೆ ಅಂತಲ್ಲ, ಬೇರೆ ಊರವರಿಗೆ ದಾರಿ ಗೊತ್ತಾಗಲಿ ಅಂತ. ಹೋದ ವರ್ಷ ಸ್ವಸಹಾಯ ಸಂಘದ ವಾರದ ಕಂತಿನ ದಿನ ಮಾತಾಡಿದೆವು. ಅಲ್ಲಿ ಗಂಡಸರು ಇರಲ್ಲ, ಬಾಯಿ ಬಿಡಬಹುದು. ಹದಿನೇಳು ಮಂದಿ ಹೆಸರು ಕೊಟ್ಟರು. ಬರೋ ದಿನ ಒಂಬತ್ತು ಮಂದಿ ಬಂದೆವು, ನಾನೂ ಸೇರಿ. ಮೊದಲು ಹೋದ ಒಂದು ಆಸ್ಪತ್ರೆಯಲ್ಲಿ "ಆ ಕಿಟ್ ಬಂದಿಲ್ಲ, ನಿಮಗೆ ಯಾರು ಹೇಳಿದ್ದು?" ಅಂತ ವಾಪಸ್ ಕಳಿಸಿದರು. ಮೂರು ಜನಕ್ಕೆ ಅಲ್ಲೇ ಸಾಕಾಯ್ತು. ಹದಿನೈದು ದಿನ ಬಿಟ್ಟು, ಮೊದಲೇ ಫೋನ್ ಮಾಡಿ, ದಿನ ಗೊತ್ತು ಮಾಡ್ಕೊಂಡು ಇನ್ನೊಂದು ಕಡೆ ಹೋದೆವು.

ಅಲ್ಲಿದ್ದ ಸಿಸ್ಟರ್ ಒಳ್ಳೆ ಹೆಣ್ಣುಮಗಳು. ಪರದೆ ಎಳೆದರು. ಉಪಕರಣವನ್ನ ಮೊದಲು ಕೈಗೆ ಕೊಟ್ಟು ತೋರಿಸಿದರು. "ಅಮ್ಮಾ, ಈಗ ಇದನ್ನ ಹಾಕಿ ನೋಡ್ತೀನಿ, ನೋವಾದ್ರೆ ಹೇಳ್ರಿ, ನಿಲ್ಲಿಸ್ತೀನಿ, ಮಾಡ್ಲಾ?" ಅಂತ ಕೇಳಿದರು. ನಮ್ಮ ಜೊತೆ ಬಂದಿದ್ದ ಒಬ್ಬ ಅತ್ತೆ ಹೊರಗೆ ಬಂದವಳೇ ಕಣ್ಣು ಒರೆಸ್ಕೊಂಡಳು. ನೋವಾಯ್ತೇನೋ ಅಂತ ಎಲ್ಲರಿಗೂ ಗಾಬರಿ. "ನೋವೇನಿಲ್ಲ ಕಣ್ರೇ. ಐದು ಹೆತ್ತಿದೀನಿ. ಬೈದು ಹೆರಿಗೆ ಮಾಡಿಸಿದೋರೇ ಎಲ್ಲಾ, ತೊಡೆ ಮೇಲೆ ಹೊಡೆದೋರೂ ಇದಾರೆ. ಮುಟ್ಲಾ ಅಂತ ಕೇಳಿ ಮುಟ್ಟಿದೋಳು ಇವಳೊಬ್ಬಳೇ" ಅಂದಳು.

ಸಂಗಾತಿಗಳೇ, ಈ ಮಾತನ್ನ ಸ್ವಲ್ಪ ಯೋಚಿಸಿ. ಮುಟ್ಟಬಾರದವರು ಅಂತ ಸಾವಿರಾರು ವರ್ಷ ದೂರ ಇಟ್ಟ ಮೈ ಇದು. ಬೇಕಾದಾಗ ಕೇಳದೇ ಮುಟ್ಟಿದ್ದೂ ಇದೇ ಮೈಯನ್ನ. ಅಸ್ಪೃಶ್ಯತೆ ಅಂದರೆ ಹೋಟೆಲ್ ಲೋಟ, ದೇವಸ್ಥಾನದ ಬಾಗಿಲು ಮಾತ್ರ ಅಲ್ಲ. ಮೇಜಿನ ಆ ಕಡೆ ಕೂತು, ಮೈ ನೋಡದೆ ಗುಳಿಗೆ ಬರೆಯೋ ಕೈಯಲ್ಲೂ ಅದು ಇದೆ. ಅದಕ್ಕೆ ಯಾವ ಅಟ್ರಾಸಿಟಿ ಕೇಸು ಹಾಕ್ತೀರಿ?

ಆರು ಜನರಲ್ಲಿ ಒಬ್ಬಳಿಗೆ ಬಿಳಿ ಮಚ್ಚೆ ಕಾಣಿಸಿತು. ಮೂವತ್ತೆಂಟು ವಯಸ್ಸು. ಅವಳು ಮೊದಲು ಕೇಳಿದ ಪ್ರಶ್ನೆ: "ಅಕ್ಕಾ, ಈಗ ಕ್ಯಾನ್ಸರ್ ಅಂದ್ರೆ ನನ್ನ ಮಕ್ಕಳನ್ನ ಯಾರು ನೋಡ್ತಾರೆ? ಗೊತ್ತಾಗದೇ ಇದ್ದಿದ್ರೇ ಚೆನ್ನಾಗಿತ್ತು." ಬರದೇ ಉಳಿದ ಎಂಟು ಜನರ ಮನಸ್ಸಿನಲ್ಲಿ ಇದ್ದದ್ದೂ ಇದೇ ಭಯ. ಈ ಪ್ರಶ್ನೆ ಮೂಢನಂಬಿಕೆ ಅಲ್ಲ, ತುಂಬಾ ಬುದ್ಧಿವಂತ ಪ್ರಶ್ನೆ. ಮುಂದಿನ ದಾರಿ ತೋರಿಸದೆ ಬರೀ ಪರೀಕ್ಷೆ ಮಾಡಿ ಕಳಿಸಿದರೆ ಅದು ಅವಳ ತಲೆ ಮೇಲೆ ಕಲ್ಲು ಹೊರಿಸಿದ ಹಾಗೆ. ಅವಳ ಜೊತೆ ಸರದಿ ಮೇಲೆ ಒಬ್ಬೊಬ್ಬರು ಹೋದೆವು. ಮೂರು ಓಡಾಟ, ಒಂದು ಸಣ್ಣ ತುಣುಕು ತೆಗೆದು ಕಳಿಸಿದ ಪರೀಕ್ಷೆ, ಒಂದು ಚಿಕಿತ್ಸೆ. ಕ್ಯಾನ್ಸರ್ ಆಗಿರಲಿಲ್ಲ, ಆಗೋಕೆ ಮುಂಚಿನ ಹಂತ. ಈಗ ಚೆನ್ನಾಗಿದ್ದಾಳೆ, ಈರುಳ್ಳಿ ಕೊಯ್ಲಿಗೆ ಹೋಗ್ತಿದ್ದಾಳೆ. ವರ್ಷಕ್ಕೆ ಮತ್ತೆ ತೋರಿಸಬೇಕು. ಹದಿನೇಳು ಹೆಸರಿನಲ್ಲಿ ಉಳಿದವರು ಈಗ ತಾವಾಗೇ "ಯಾವಾಗ ಹೋಗಾನೆ" ಅಂತ ಕೇಳ್ತಿದ್ದಾರೆ.

ಈಗ ತಲೆಬರಹದ ಮಾತಿಗೆ ಬರ್ತೀನಿ. ಬಿಳಿಮುಟ್ಟು, ಹೊಟ್ಟೆನೋವು ಅಂತ ಹೋದ ಬಡ ಹೆಂಗಸಿಗೆ "ಗರ್ಭಕೋಶ ಕೆಟ್ಟಿದೆ, ತೆಗೀದಿದ್ರೆ ಕ್ಯಾನ್ಸರ್ ಆಗುತ್ತೆ" ಅಂತ ಹೆದರಿಸಿ ಆಪರೇಷನ್ ಮಾಡೋ ದಂಧೆ ನಮ್ಮ ರಾಜ್ಯದಲ್ಲೇ ಬಯಲಾಗಿದೆ. ಕಲಬುರಗಿ ಜಿಲ್ಲೆಯಲ್ಲಿ ಎರಡೂವರೆ ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗರ್ಭಕೋಶ ತೆಗೆದ ಲೆಕ್ಕ 2015ರಲ್ಲಿ ತನಿಖೆಯಿಂದ ಹೊರಬಂತು. ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು, ಎಷ್ಟೋ ಜನಕ್ಕೆ ಮೂವತ್ತೂ ತುಂಬಿರಲಿಲ್ಲ. ಕರ್ನಾಟಕ ಜನಾರೋಗ್ಯ ಚಳವಳಿಯ ಸಂಗಾತಿಗಳು ಬೀದಿಗಿಳಿಯದೇ ಇದ್ದಿದ್ರೆ ಅದೂ ಮುಚ್ಚಿಹೋಗ್ತಿತ್ತು. ಅನಗತ್ಯವಾಗಿ ಗರ್ಭಕೋಶ ತೆಗೆಯೋದರ ವಿರುದ್ಧ 2023ರಲ್ಲಿ ಸುಪ್ರೀಂ ಕೋರ್ಟೂ ತೀರ್ಪು ಕೊಟ್ಟಿದೆ. ಕ್ಯಾನ್ಸರ್ ಹೆಸರಲ್ಲಿ ಗರ್ಭಕೋಶ ಕಿತ್ತರು, ಆದರೆ ಕ್ಯಾನ್ಸರ್ ಇದೆಯಾ ಅಂತ ವಿನೆಗರ್ ಹಚ್ಚಿ ಒಂದು ನಿಮಿಷ ನೋಡಲಿಲ್ಲ. ಯಾಕಂದ್ರೆ ಆಪರೇಷನ್‌ನಲ್ಲಿ ದುಡ್ಡಿದೆ, ಹತ್ತಿಯಲ್ಲಿ ದುಡ್ಡಿಲ್ಲ.

ನಮ್ಮ ಮೈ ಮೇಲೆ ಸಂಶೋಧನೆ ಮಾಡೋಕೂ ಜನ ಬಂದಿದ್ದಾರೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಸುಮಾರು 24,000 ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕೋ ಯೋಜನೆ ನಡೆಯಿತು. ಆದಿವಾಸಿ ಹಾಸ್ಟೆಲಿನ ಮಕ್ಕಳಿಗೆ ಅಪ್ಪ ಅಮ್ಮನ ಬದಲು ವಾರ್ಡನ್ ಸಹಿ. ಏಳು ಹುಡುಗಿಯರು ಸತ್ತ ಸುದ್ದಿ ಬಂದು 2010ರಲ್ಲಿ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣ ಅಲ್ಲ ಅಂತ ತನಿಖೆ ಹೇಳಿತು, ಅದನ್ನೂ ಮರೆಮಾಚದೆ ಹೇಳಬೇಕು. ಆದರೆ ಒಪ್ಪಿಗೆ ಪಡೆದ ರೀತಿ ತಪ್ಪು ಅಂತ 2013ರಲ್ಲಿ ಸಂಸದೀಯ ಸಮಿತಿ ಛೀಮಾರಿ ಹಾಕಿತು.

ನಮ್ಮ ಚಳ್ಳಕೆರೆಯಂಥದೇ ಬರದ ಸೀಮೆ ಮಹಾರಾಷ್ಟ್ರದ ಉಸ್ಮಾನಾಬಾದ್. ಅಲ್ಲಿ ಸುಮಾರು 1,31,000 ಹೆಂಗಸರ ಅಧ್ಯಯನ ನಡೆದು 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಎಂಟು ವರ್ಷದಲ್ಲಿ ಸತ್ತವರು 34. ಹೆಚ್ಚು ಕಡಿಮೆ ಅಷ್ಟೇ ದೊಡ್ಡದಾದ, ಪರೀಕ್ಷೆ ಮಾಡದೆ ಬಿಟ್ಟ ಗುಂಪಿನಲ್ಲಿ 64. ಲೋಕಕ್ಕೆಲ್ಲಾ ಇದರಿಂದ ಪಾಠ ಸಿಕ್ಕಿತು. ಆದರೆ ಹೋಲಿಕೆ ಮಾಡೋಕೆ ಅಂತ ಪರೀಕ್ಷೆಯಿಲ್ಲದೆ ಬಿಟ್ಟ ಆ ಬಡ ಹೆಂಗಸರ ಬಗ್ಗೆ ಆಮೇಲೆ ನೈತಿಕತೆಯ ಪ್ರಶ್ನೆ ಎದ್ದಿತು. ಏಳಲೇಬೇಕಿತ್ತು.

ಸಮುದ್ರದ ಆಚೆಯೂ ಇದೇ ಕಥೆ. ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ತಂಬಾಕು ಹೊಲದಲ್ಲಿ ದುಡಿದು ಬೆಳೆದ ಕಪ್ಪು ಹೆಣ್ಣುಮಗಳು. 1951ರಲ್ಲಿ, 31ನೇ ವಯಸ್ಸಿಗೆ ಇದೇ ಗರ್ಭಕಂಠದ ಕ್ಯಾನ್ಸರಿನಿಂದ ಸತ್ತಳು. ಅವಳನ್ನ ಕೇಳದೆ ತೆಗೆದ ಜೀವಕೋಶಗಳು ಇವತ್ತಿಗೂ ಲೋಕದ ಪ್ರಯೋಗಾಲಯಗಳಲ್ಲಿ ಬೆಳೀತಿವೆ. ಈ ಕ್ಯಾನ್ಸರಿಗೆ ಎಚ್‌ಪಿವಿ ಕಾರಣ ಅಂತ ತೋರಿಸಿ 2008ರಲ್ಲಿ ನೊಬೆಲ್ ಪಡೆದ ವಿಜ್ಞಾನಿಗೂ ಅವಳ ಕೋಶಗಳಲ್ಲೇ 18ನೇ ನಂಬರಿನ ವೈರಸ್ ಸಿಕ್ಕಿತ್ತು. ಕೋಶ ಇಟ್ಟುಕೊಂಡ ಕಂಪನಿಗಳು ದುಡ್ಡು ಮಾಡಿದವು, ಅವಳ ಮಕ್ಕಳಿಗೆ ದಶಕಗಳ ಕಾಲ ಗೊತ್ತೇ ಇರಲಿಲ್ಲ.

ಇದನ್ನೆಲ್ಲಾ ಹೇಳಿದ ಕೂಡಲೇ ನಮ್ಮಲ್ಲೇ ಕೆಲವರು "ಹಾಗಾದ್ರೆ ಪರೀಕ್ಷೆ, ಲಸಿಕೆ ಎರಡೂ ಬೇಡ, ಇದೆಲ್ಲಾ ಕಂಪನಿಗಳ ಆಟ" ಅಂತಾರೆ. ನಾನು ಒಪ್ಪಲ್ಲ. ಬೇಡ ಅಂದರೆ ಸಾಯೋದು ಕಂಪನಿಯವರಲ್ಲ, ನಾವೇ. ಕೆರೆ ನೀರಿಗೆ ಮೇಲ್ಜಾತಿ ಬೇಲಿ ಹಾಕಿತ್ತು ಅಂತ ಬಾಬಾಸಾಹೇಬರು ನೀರೇ ಬೇಡ ಅನ್ನಲಿಲ್ಲ, 1927ರಲ್ಲಿ ಮಹಾಡಿನಲ್ಲಿ ಹೋಗಿ ಕುಡಿದರು. ನಮಗೆ ವಿಜ್ಞಾನವೂ ಬೇಕು, ನಮ್ಮನ್ನ ಕೇಳಿ ಮುಟ್ಟೋ ಮರ್ಯಾದೆಯೂ ಬೇಕು. ಬಾಂಬೆ ಶಾಸನಸಭೆಯಲ್ಲಿ 1928ರಲ್ಲಿ ಹೆರಿಗೆ ಭತ್ಯೆಯ ಮಸೂದೆ ಪರವಾಗಿ ಮಾತಾಡಿದವರೂ ಅವರೇ. 1938ರಲ್ಲಿ ಸಂತಾನ ನಿಯಂತ್ರಣದ ಸೌಲಭ್ಯ ಸರ್ಕಾರ ಕೊಡಬೇಕು ಅಂತ ಅವರ ಪಕ್ಷ ಮಂಡಿಸಿತು, ಸಭೆ ಸೋಲಿಸಿತು. ಹೆಣ್ಣಿನ ಗರ್ಭಕೋಶದ ವಿಷಯ ಅವರಿಗೆ ರಾಜಕೀಯ ಆಗಿತ್ತು. ನಮ್ಮ ಸಭೆಗಳಲ್ಲಿ ಯಾಕೆ ಇನ್ನೂ "ಹೆಂಗಸರ ಘಟಕದವರು ನೋಡ್ಕೋತಾರೆ" ಆಗಿದೆ?

ನಮ್ಮ ತಾಲೂಕಿಗೆ 'ವಿಜ್ಞಾನ ನಗರ' ಅಂತ ಹೆಸರು ಬಂದಿದೆ. ಕುದಾಪುರದಲ್ಲಿ ಐಐಎಸ್ಸಿ, ಡಿಆರ್‌ಡಿಒದ ಡ್ರೋನ್ ಹಾರಿಸೋ ಮೈದಾನ, ಭಾಭಾ ಅಣು ಕೇಂದ್ರಕ್ಕೆ ಜಾಗ. ದನ ಕುರಿ ಮೇಯ್ತಿದ್ದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಕೊಟ್ಟಿದ್ದೀವಿ. ಆಕಾಶದಲ್ಲಿ ಹಾರೋ ಡ್ರೋನು ನೆಲದ ಮೇಲಿನ ಇರುವೆ ನೋಡುತ್ತಂತೆ. ಕೆಳಗಿನ ಕಾಲೋನಿಯ ಹೆಂಗಸಿನ ಮೈಯೊಳಗಿನ ಬಿಳಿ ಮಚ್ಚೆ ನೋಡೋಕೆ ಒಂದು ಟಾರ್ಚು, ಒಂದು ಹತ್ತಿ ಉಂಡೆ ಇಲ್ಲ. ಜಿಲ್ಲೆಯಲ್ಲಿ 2011ರ ಜನಗಣತಿ ಪ್ರಕಾರ ಎಸ್‌ಸಿ ಶೇ 23, ಎಸ್‌ಟಿ ಶೇ 18. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಮೀಸಲು ಕ್ಷೇತ್ರ. ಕೇಳೋ ಹಕ್ಕು ನಮಗಲ್ಲದೆ ಇನ್ಯಾರಿಗಿದೆ?

ಹೆಣ್ಣುಮಕ್ಕಳಿಗೆ ಲಸಿಕೆ ಇದೆ, 9ರಿಂದ 14 ವಯಸ್ಸಿನಲ್ಲಿ ಹಾಕಿಸಿದರೆ ಚೆನ್ನಾಗಿ ಕೆಲಸ ಮಾಡುತ್ತೆ. ಹಾಕಿಸಿ. ಏನು, ಯಾಕೆ ಅಂತ ಕೇಳಿ ತಿಳ್ಕೊಂಡು ಹಾಕಿಸಿ. ಆದರೆ ಲಸಿಕೆ ಮಗಳನ್ನ ಕಾಯುತ್ತೆ, ಈಗಾಗಲೇ ನಲವತ್ತಾದ ಅಮ್ಮನನ್ನ ಕಾಯಲ್ಲ. ಅಮ್ಮನಿಗೆ ಪರೀಕ್ಷೆಯೇ ದಾರಿ.

ಇನ್ನೂ ಒಂದು ದಾರಿ ಇದೆ. ಎಚ್‌ಪಿವಿ ಪರೀಕ್ಷೆಗೆ ಹೆಂಗಸು ತಾನೇ, ಬಾಗಿಲು ಹಾಕ್ಕೊಂಡು, ಒಂದು ಸಣ್ಣ ಬ್ರಷ್ ಥರದ ಕಡ್ಡಿಯಿಂದ ಮಾದರಿ ತೆಗೆದು ಕೊಡಬಹುದು. ಯಾರ ಮುಂದೆಯೂ ಮಲಗಬೇಕಿಲ್ಲ. ಮಲೇಷ್ಯಾದಲ್ಲಿ 'ರೋಸ್' ಅನ್ನೋ ಕಾರ್ಯಕ್ರಮ 2018ರಿಂದ ಹೀಗೇ ಮಾಡ್ತಿದೆ, ಫಲಿತಾಂಶ ಮೊಬೈಲಿಗೆ ಬರುತ್ತೆ. ಮುಟ್ಟು ನಿಂತವರಲ್ಲಿ ವಿನೆಗರ್ ಪರೀಕ್ಷೆ ಅಷ್ಟು ಸರಿಯಾಗಿ ತೋರಿಸಲ್ಲ, ಅಂಥವರಿಗೆ ಇದೇ ವಾಸಿ. ವಿಶ್ವ ಆರೋಗ್ಯ ಸಂಸ್ಥೆಯೂ 2021ರಿಂದ ಈ ಪರೀಕ್ಷೆಯನ್ನೇ ಮೊದಲು ಮಾಡಿ ಅಂತಿದೆ. ವಿನೆಗರಿಗಿಂತ ದುಬಾರಿ, ನಿಜ. ದುಡ್ಡು ಎಲ್ಲಿಂದ ಅಂತೀರಾ? 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ದುಡ್ಡು ಇದೆಯಲ್ಲ. ಅದನ್ನ ಬೇರೆ ಕಡೆ ತಿರುಗಿಸೋಕೆ ಬಿಟ್ಟಿದ್ದ 7ಡಿ ಕಲಮನ್ನ ಹೋರಾಡಿ ತೆಗೆಸಿದ್ದೂ ನಾವೇ.

ಅದಕ್ಕೆ ನಮ್ಮ ಬೇಡಿಕೆ ಇಷ್ಟು:

1. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆ ಒಂದು ಗೊತ್ತಾದ ದಿನ ಈ ಪರೀಕ್ಷೆ. ಆ ದಿನ ಗೋಡೆ ಮೇಲೆ ಬರೆದಿರಬೇಕು. ಮಾಡೋರು ಹೆಂಗಸರೇ ಆಗಿರಬೇಕು, ಪರದೆ ಇರಬೇಕು.

2. ಬಿಳಿ ಕಂಡವಳನ್ನ ಚಿಕಿತ್ಸೆ ಮುಗಿಯೋವರೆಗೆ ಕೈ ಹಿಡಿದು ಕರ್ಕೊಂಡು ಹೋಗೋ ಒಬ್ಬ ಕಾರ್ಯಕರ್ತೆ, ನಮ್ಮ ಕಾಲೋನಿಗಳಿಂದಲೇ, ಸಂಬಳ ಕೊಟ್ಟು. ಬಿಟ್ಟಿ ಸೇವೆ ಅಲ್ಲ.

3. ಪರೀಕ್ಷೆಗೆ ಬಂದ ದಿನಕ್ಕೆ, ಚಿಕಿತ್ಸೆಯ ದಿನಗಳಿಗೆ ಕೂಲಿ ನಷ್ಟದ ಪರಿಹಾರ.

4. ದೇವದಾಸಿ ತಾಯಂದಿರಿಗೆ, ಎಚ್‌ಐವಿ ಇರುವವರಿಗೆ ಮೊದಲ ಆದ್ಯತೆ, ಅವರ ಗುಟ್ಟು ಹೊರಬೀಳದ ಹಾಗೆ.

5. ಜಿಲ್ಲೆಯಲ್ಲಿ ಎಷ್ಟು ಜನಕ್ಕೆ ಪರೀಕ್ಷೆ ಆಯ್ತು, ಅದರಲ್ಲಿ ಎಸ್‌ಸಿ, ಎಸ್‌ಟಿ ಎಷ್ಟು ಅಂತ ಪ್ರತಿ ಮೂರು ತಿಂಗಳಿಗೆ ಬಹಿರಂಗ ಲೆಕ್ಕ.

ಲೆಕ್ಕ ಕೇಳೋದು ಕಷ್ಟ ಇಲ್ಲ. ಮಾಹಿತಿ ಹಕ್ಕಿನ ಅರ್ಜಿ, ಹತ್ತು ರೂಪಾಯಿ. ಗುಮಾಸ್ತೆಯಾಗಿ ಹೇಳ್ತಿದ್ದೀನಿ, ಅರ್ಜಿ ಬಂದ ಫೈಲು ಮೇಜಿನ ಮೇಲೆ ಬರುತ್ತೆ, ಬರದ ಫೈಲು ಕಪಾಟಿನಲ್ಲೇ ಇರುತ್ತೆ. ಅರ್ಜಿಯ ಮಾದರಿ ಬರೆದಿಟ್ಟಿದ್ದೀನಿ, ಬೇಕಾದವರು ಇನ್‌ಬಾಕ್ಸಿಗೆ ಬನ್ನಿ.

ಗಂಡಸು ಸಂಗಾತಿಗಳಿಗೆ ಕಡೇ ಮಾತು. ಈ ಪೋಸ್ಟಿಗೆ "ಜೈ ಭೀಮ್ ಅಕ್ಕ, ಒಳ್ಳೆ ಬರಹ" ಅಂತ ಹಾಕೋ ಮುಂಚೆ ಮನೆಯಲ್ಲಿ ಅಮ್ಮನಿಗೆ, ಅಕ್ಕನಿಗೆ, ಹೆಂಡತಿಗೆ "ನಿಂಗೆ ಪರೀಕ್ಷೆ ಆಗಿದೆಯಾ?" ಅಂತ ಕೇಳಿ. ನಿಮಗೆ ಕೇಳೋಕೆ ನಾಚಿಕೆ ಆದರೆ ಈ ಪೋಸ್ಟನ್ನ ಓದಿ ಹೇಳಿ. ಅವರು ಆಸ್ಪತ್ರೆಗೆ ಹೋದ ದಿನ ಮಕ್ಕಳನ್ನ ನೀವು ನೋಡ್ಕೊಳ್ಳಿ, ಅನ್ನ ನೀವು ಮಾಡಿ. ಮುಟ್ಟು ಇಲ್ಲದ ದಿನ ಹೋಗಬೇಕು, ಅದನ್ನ ಅವರನ್ನೇ ಕೇಳಿ ದಿನ ಗೊತ್ತು ಮಾಡಿ. ಮುಟ್ಟು ನಿಂತ ಮೇಲೆ ರಕ್ತ, ಸೇರಿದ ಮೇಲೆ ರಕ್ತ, ವಾಸನೆಯ ಬಿಳಿಮುಟ್ಟು ಇದ್ದರೆ ಒಂದು ದಿನವೂ ಕಾಯಬೇಡಿ.

ನಮ್ಮ ಕಾಲೋನಿಯಿಂದ ಮುಂದಿನ ತಂಡ ಹೊರಡ್ತಿದೆ. ಈ ಸಲ ಹನ್ನೊಂದು ಹೆಸರು ಬಂದಿವೆ.

ಜೈ ಭೀಮ್.